ಚೇರಟೆ ಸಾಕಿದ ಮಾಷ್ಟ್ರು

ನಮ್ಮ ಕಾಸರಗೋಡಿನ ಕಡೆ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಇವೆರಡರ ಬೆನ್ನಿಗೇ ಬರುವ ಮೂರನೆಯ ಅತಿಥಿ ಚೇರಟೆ. ಶಾಲೆಯ ಜಗಲಿ, ಬಚ್ಚಲು, ಬಿಸಿಯೂಟದ ಕೊಟ್ಟಿಗೆ, ಕೊನೆಗೆ ಹಾಜರಿ ಪುಸ್ತಕದ ಅಡಿಯಲ್ಲೂ ಅದೇ. ಊರಿಂದ ಊರಿಗೆ ಉಚ್ಚಾರ ಸ್ವಲ್ಪ ಬೇರೆ. ಕೆಲವರು ಚೋರಟೆ ಅನ್ನುತ್ತಾರೆ. ಪಕ್ಕದ ಮಲಯಾಳ ತರಗತಿಯ ಮಕ್ಕಳಿಗೆ ಅದು ತೇರಟ್ಟ. ಪಾಠಪುಸ್ತಕಕ್ಕೆ ಬಂದಾಗ ಮಾತ್ರ ಅಂಗಿ ಇಸ್ತ್ರಿ ಹಾಕಿಕೊಂಡು "ಸಹಸ್ರಪದಿ" ಆಗಿಬಿಡುತ್ತದೆ!

ಕೆಲವು ವರ್ಷಗಳ ಹಿಂದೆ ಐದನೇ ತರಗತಿಯ ಹುಡುಗಿಯೊಬ್ಬಳು ಅಂಗೈ ಮೇಲೆ ಒಂದು ಕೆಂಪು ಚೇರಟೆಯನ್ನು ಬಿಟ್ಟುಕೊಂಡು ಬಂದು ಕೇಳಿದಳು: "ಸರ್, ಇದಕ್ಕೆ ಹುಟ್ಟುವಾಗಲೇ ಇಷ್ಟು ಕಾಲು ಉಂಟಾ?"

ನಾನು ವಿಜ್ಞಾನದ ಮಾಷ್ಟ್ರಲ್ಲ. ಟಿ.ಸಿ.ಎಚ್. ಮುಗಿಸಿ ಕೆಲಸಕ್ಕೆ ಸೇರಿ, ಆಮೇಲೆ ಬಿ.ಎ. ಮಾಡಿದವನು. ಅದರಲ್ಲೂ ನನಗೆ ಹಿಡಿಸಿದ್ದು ಇತಿಹಾಸ. ಗೊತ್ತಿಲ್ಲದ ಪ್ರಶ್ನೆಗೆ ನಮ್ಮಂಥವರು ಕೊಡುವ ಉತ್ತರ ಒಂದೇ: "ನಾಳೆ ಹೇಳ್ತೇನೆ." ಆದರೆ ಮಕ್ಕಳಿಗೆ ನಾಳೆಯವರೆಗೆ ತಾಳ್ಮೆ ಎಲ್ಲಿ? ಮಧ್ಯಾಹ್ನದೊಳಗೆ ಹಾರ್ಲಿಕ್ಸ್ ಬಾಟಲಿಯೊಂದರಲ್ಲಿ ಹದಿನೈದಿಪ್ಪತ್ತು ಚೇರಟೆ ತುಂಬಿಸಿಟ್ಟಿದ್ದರು. "ಮರಿ ಹಾಕುವವರೆಗೆ ಸಾಕುವುದು ಸರ್" ಎಂದರು. ರಾತ್ರಿ ಹೊರಗೆ ಬಾರದಿರಲಿ ಎಂದು ನಾನೇ ಮುಚ್ಚಳ ಬಿಗಿದು ಹೋದೆ. ಬೆಳಿಗ್ಗೆ ಬಂದು ನೋಡಿದರೆ ಎಲ್ಲವೂ ಸತ್ತಿದ್ದವು. ಬಾಟಲಿಯ ಒಳಗೆ ಕಂದು ಬಣ್ಣ, ಮೂಗಿಗೆ ಹೊಡೆಯುವ ವಾಸನೆ.

ಆಮೇಲೆ ಓದಿ ತಿಳಿದದ್ದು: ಚೇರಟೆಯ ಮೈಯ ಎರಡೂ ಬದಿಗಳಲ್ಲಿ ಸಣ್ಣ ಸಣ್ಣ ಗ್ರಂಥಿಗಳಿವೆ. ಹೆದರಿದಾಗ ಅದು ಅಲ್ಲಿಂದ ಒಂದು ದ್ರವ ಬಿಡುತ್ತದೆ. ಉದ್ದ ಕೊಳವೆಯಂಥ ಜಾತಿಗಳಲ್ಲಿ ಅದು ಬೆಂಜೊಕ್ವಿನೋನ್ ಎಂಬ ರಾಸಾಯನಿಕ. ಮಕ್ಕಳ ಬೆರಳು ಹಳದಿ-ಕಂದು ಆಗುವುದು ಅದರಿಂದಲೇ. ಚಪ್ಪಟೆ ಜಾತಿಯ ಕೆಲವು ಹೈಡ್ರೋಜನ್ ಸಯನೈಡ್ ಅನ್ನೇ ಬಿಡುತ್ತವೆ. ಗಾಳಿಯಾಡದ ಬಾಟಲಿಯಲ್ಲಿ ಒತ್ತೊತ್ತಾಗಿ ತುಂಬಿದರೆ ಅವು ತಮ್ಮದೇ ವಿಷದಲ್ಲಿ ಉಸಿರುಗಟ್ಟುತ್ತವೆ. ಮುಚ್ಚಳ ಬಿಗಿದವನು ನಾನು. ಹುಡುಗಿ ಏನೂ ಹೇಳಲಿಲ್ಲ, ಬಾಟಲಿಯನ್ನು ತೆಗೆದುಕೊಂಡು ಹೋಗಿ ತೆಂಗಿನ ಬುಡದಲ್ಲಿ ಸುರಿದು ಬಂದಳು.

ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ನನಗೆ ಗೊತ್ತಿರುವ ದಾರಿ ಇತಿಹಾಸದ್ದು. ಈ ಪ್ರಶ್ನೆಯನ್ನು ನಮಗಿಂತ ಮೊದಲು ಯಾರಾದರೂ ಕೇಳಿರಬೇಕಲ್ಲ, ಚೇರಟೆಯನ್ನು ಮೊದಲು ಸಾಕಿ ನೋಡಿದವರು ಯಾರು ಎಂದು ಹುಡುಕುತ್ತಾ ಹೋದೆ. ಹೋದಂತೆಲ್ಲ ಇದು ಇನ್ನೂರೈವತ್ತು ವರ್ಷದ ಹಳೆಯ ಜಗಳ ಎಂದು ತಿಳಿಯಿತು.

ಮೊದಲ ಉತ್ತರ ಸ್ವೀಡನ್ನಿನಿಂದ ಬಂತು. ಅಲ್ಲಿ ಶಾರ್ಲ್ ಡಿ ಗೀರ್ ಎಂಬ ಶ್ರೀಮಂತರಿದ್ದರು. ಕಬ್ಬಿಣದ ಕಾರ್ಖಾನೆಗಳ ಒಡೆಯರು, ಆದರೆ ಆಸಕ್ತಿಯೆಲ್ಲ ಹುಳುಗಳ ಮೇಲೆ. ಹುಳುಗಳ ಬಗ್ಗೆ ಏಳು ಸಂಪುಟ ಬರೆದರು. ಮೊದಲನೆಯದು 1752ರಲ್ಲಿ, ಕೊನೆಯದು ಅವರು ತೀರಿಕೊಂಡ 1778ರಲ್ಲಿ ಬಂತು. ಚೇರಟೆಯ ಮರಿ ಹುಟ್ಟುವಾಗ ಅದಕ್ಕೆ ಇರುವುದು ಆರೇ ಕಾಲು, ಅಂದರೆ ಮೂರು ಜೊತೆ ಎಂಬುದು ಅವರು ಕಂಡ ಸಂಗತಿ. ಸಾವಿರ ಕಾಲಿನದೆಂದು ಹೆಸರು ಹೊತ್ತ ಪ್ರಾಣಿ ಜಿರಲೆ, ನೊಣಗಳಂತೆ ಆರು ಕಾಲಲ್ಲಿ ಬಾಳು ಶುರು ಮಾಡುತ್ತದೆ ಎಂದರೆ ಯಾರು ನಂಬುತ್ತಾರೆ?

1817ರಲ್ಲಿ ಇಟಲಿಯ ಪಾವ್ಲೋ ಸಾವಿ ಎಂಬವರು ಬೇರೆಯೇ ಹೇಳಿದರು. ಅವರ ಪ್ರಕಾರ ಮೊಟ್ಟೆಯಿಂದ ಬರುವ ಮರಿಗೆ ಕಾಲೇ ಇಲ್ಲ! ಇಬ್ಬರೂ ಕಣ್ಣಾರೆ ನೋಡಿ ಬರೆದವರು, ಇಬ್ಬರೂ ಸುಳ್ಳು ಹೇಳುವವರಲ್ಲ. ಹಾಗಾದರೆ ಯಾರು ಸರಿ?

ಜಗಳ ಬಿಡಿಸಿದವರು ಇಂಗ್ಲೆಂಡಿನ ಜಾರ್ಜ್ ನ್ಯೂಪೋರ್ಟ್. ಗಾಡಿಯ ಚಕ್ರ ಮಾಡುವ ಆಚಾರಿಯ ಮಗ, ತಾನೂ ಅದೇ ಕೆಲಸ ಕಲಿಯಲು ಕೂತವರು. ಬಿಡುವಿನಲ್ಲಿ ಓದಿ ಓದಿ ಕೊನೆಗೆ ಶಸ್ತ್ರವೈದ್ಯರಾದರು. 1841ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಅವರ ಲೇಖನ ಹೇಳುವುದಿಷ್ಟು: ಮೊಟ್ಟೆಯ ಚಿಪ್ಪು ಒಡೆದಾಗ ಮರಿ ಪೂರ್ತಿ ಹೊರಗೆ ಬರುವುದಿಲ್ಲ. ಒಂದು ತೆಳ್ಳನೆಯ ಪೊರೆಯೊಳಗೆ ಅಲುಗಾಡದೆ ಮಲಗಿರುತ್ತದೆ. ಆಗ ನೋಡಿದವರಿಗೆ ಕಾಲು ಕಾಣಿಸದು. ಆ ಪೊರೆಯನ್ನೂ ಕಳಚಿ ಹೊರಬಂದಾಗ ನೋಡಿದವರಿಗೆ ಮೂರು ಜೊತೆ ಕಾಲು ಕಾಣುತ್ತದೆ. ಸಾವಿ ನೋಡಿದ್ದು ಸ್ವಲ್ಪ ಮೊದಲು, ಡಿ ಗೀರ್ ನೋಡಿದ್ದು ಸ್ವಲ್ಪ ಆಮೇಲೆ. ಇಬ್ಬರೂ ಸರಿ! (ನಮ್ಮ ಸ್ಟಾಫ್ ರೂಮಿನ ಎಷ್ಟೋ ಜಗಳಗಳೂ ಹೀಗೆಯೇ ಇರಬಹುದು. ಬಿಡಿಸಲು ನ್ಯೂಪೋರ್ಟ್ ಇಲ್ಲ ಅಷ್ಟೆ.) ಈ ನ್ಯೂಪೋರ್ಟ್ 1854ರಲ್ಲಿ ತೀರಿಕೊಂಡರು. ಜವುಗು ನೆಲದಲ್ಲಿ ಅಧ್ಯಯನಕ್ಕೆ ಜೀವಿಗಳನ್ನು ಹುಡುಕುತ್ತಾ ತಿರುಗಿ ಹಿಡಿಸಿಕೊಂಡ ಜ್ವರವೇ ಅವರನ್ನು ಒಯ್ದಿತು.

ಮೂರು ಜೊತೆಯಿಂದ ಶುರುವಾಗುತ್ತದೆ ಎಂದಾಯಿತು. ಹಾಗಾದರೆ ಉಳಿದ ಕಾಲುಗಳು ಯಾವಾಗ, ಯಾವ ಲೆಕ್ಕದಲ್ಲಿ ಬರುತ್ತವೆ? ಇದಕ್ಕೊಂದು ಸೂತ್ರ ಕಂಡುಹಿಡಿದವರ ಬಗ್ಗೆ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅವರು ಯಾವ ಅಕಾಡೆಮಿಯ ಪಂಡಿತರೂ ಅಲ್ಲ, ಒಬ್ಬ ಶಾಲಾ ಮಾಷ್ಟ್ರು. ಹೆಸರು ಜಾನ್ ಆನ್ರಿ ಫಾಬ್ರ್. ಕಣಜ, ಸಗಣಿ ಹುಳು, ಜೀರುಂಡೆಗಳ ಬಗ್ಗೆ ಬರೆದವರೆಂದು ಫಾಬ್ರ್ ಹೆಸರು ಕೇಳಿದವರು ಇರಬಹುದು. ಆದರೆ ಅವರಿಗೆ ಡಾಕ್ಟರೇಟ್ ಸಿಕ್ಕಿದ್ದು ಚೇರಟೆಯಿಂದ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

1823ರ ಡಿಸೆಂಬರಿನಲ್ಲಿ ದಕ್ಷಿಣ ಫ್ರಾನ್ಸಿನ ಸೇಂಟ್ ಲಿಯೋನ್ ಎಂಬ ಹಳ್ಳಿಯಲ್ಲಿ ಬಡ ರೈತರ ಮನೆಯಲ್ಲಿ ಹುಟ್ಟಿದವರು ಇವರು. ತಂದೆ ಊರೂರು ತಿರುಗಿ ಕಾಫಿ ಅಂಗಡಿ ಇಟ್ಟು ಎಲ್ಲ ಕಡೆ ಕೈಸುಟ್ಟುಕೊಂಡರು. ಹುಡುಗ ಜಾತ್ರೆಯಲ್ಲಿ ನಿಂಬೆಹಣ್ಣು ಮಾರಿ ಹೊಟ್ಟೆ ಹೊರೆದದ್ದೂ ಉಂಟು. ಸ್ಪರ್ಧೆಯಲ್ಲಿ ಗೆದ್ದು, ವಿದ್ಯಾರ್ಥಿವೇತನ ಪಡೆದು ಅವಿನ್ಯೋನಿನ ಪ್ರಾಥಮಿಕ ಶಿಕ್ಷಕರ ತರಬೇತಿ ಶಾಲೆ ಸೇರಿದರು. ನಮ್ಮ ಟಿ.ಸಿ.ಎಚ್. ಇದ್ದ ಹಾಗೆ ಎನ್ನಿ. 1842ರಲ್ಲಿ ಕಾರ್ಪಂತ್ರಾ ಎಂಬ ಊರಿನಲ್ಲಿ ಮಾಷ್ಟ್ರ ಕೆಲಸ ಸಿಕ್ಕಿತು. ಸಂಬಳ ವರ್ಷಕ್ಕೆ 700 ಫ್ರಾಂಕ್, ಅದೂ ಸಮಯಕ್ಕೆ ಸರಿಯಾಗಿ ಬರುತ್ತಿರಲಿಲ್ಲ.

ಅಲ್ಲಿ ನಡೆದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಭೂಮಿ ಅಳೆಯುವ ಪಾಠಕ್ಕೆಂದು ಫಾಬ್ರ್ ಮಕ್ಕಳನ್ನು ಬಯಲಿಗೆ ಕರೆದೊಯ್ಯುತ್ತಿದ್ದರು. ಗೂಟ ಹಿಡಿದು ನಿಲ್ಲಬೇಕಾದ ಹುಡುಗರು ಅಲ್ಲಲ್ಲಿ ಬಗ್ಗಿ ಕಲ್ಲಿನಿಂದ ಏನನ್ನೋ ಹುಲ್ಲುಕಡ್ಡಿಯಲ್ಲಿ ಹೀರುತ್ತಿದ್ದರು. ನೋಡಿದರೆ ಮಣ್ಣಿನ ಗೂಡು ಕಟ್ಟುವ ಜೇನುನೊಣದ ಜೇನು! ಆ ಊರಿನ ಮಕ್ಕಳಿಗೆಲ್ಲ ಗೊತ್ತಿದ್ದ ವಿಷಯ ಮಾಷ್ಟ್ರಿಗೆ ಗೊತ್ತಿರಲಿಲ್ಲ. ಮಾಷ್ಟ್ರೂ ಹೀರಿ ನೋಡಿದರು. ಆ ನೊಣದ ಹೆಸರು ತಿಳಿಯಲು ಒಂದು ದೊಡ್ಡ ಪುಸ್ತಕ ಕೊಂಡರು, ಬೆಲೆ ಅವರ ಒಂದು ತಿಂಗಳ ಸಂಬಳ. ಮನೆಯಲ್ಲಿ ಏನಾಯಿತೋ ಇತಿಹಾಸ ಬರೆದಿಲ್ಲ. ಆದರೆ ಅವರ ಪತ್ನಿಯೂ ಶಿಕ್ಷಕಿಯಾಗಿದ್ದವರು, ಅರ್ಥ ಮಾಡಿಕೊಂಡಿರಬೇಕು.

ಮುಂದೆ 1849ರಲ್ಲಿ ಕಾರ್ಸಿಕಾ ದ್ವೀಪಕ್ಕೆ ಭೌತಶಾಸ್ತ್ರದ ಅಧ್ಯಾಪಕರಾಗಿ ಹೋದರು. ಆಗ ಅವರಿಗೆ ಗಣಿತದ ಹುಚ್ಚು. 1852ರಲ್ಲಿ ಮೊಕೆನ್ ತಾಂದೊಂ ಎಂಬ ಸಸ್ಯವಿಜ್ಞಾನಿ ಅಲ್ಲಿಗೆ ಬಂದು ಇವರ ಮನೆಯಲ್ಲಿ ಉಳಿದರು. ಹೊರಡುವ ಮೊದಲು ಹೊಲಿಗೆ ಬುಟ್ಟಿಯ ಕತ್ತರಿ, ಸೂಜಿ ತೆಗೆದುಕೊಂಡು, ತಟ್ಟೆಯ ನೀರಿನಲ್ಲಿ ಒಂದು ಬಸವನಹುಳುವನ್ನು ಬಿಡಿಸಿ ಅದರ ಒಳಗನ್ನೆಲ್ಲ ತೋರಿಸಿದರು. ಫಾಬ್ರ್ ಮಾಷ್ಟ್ರು ಜೀವಶಾಸ್ತ್ರದಲ್ಲಿ ಪಡೆದ ಪ್ರಾಯೋಗಿಕ ಪಾಠ ಅದೊಂದೇ ಎನ್ನಬೇಕು. ಮಲೇರಿಯಾ ಹಿಡಿದು ಕಾರ್ಸಿಕಾ ಬಿಟ್ಟು ಅವಿನ್ಯೋನಿಗೆ ಮರಳಿದವರು 1854ರಲ್ಲಿ ಜೀವಶಾಸ್ತ್ರದ ಪದವಿ, ಮರುವರ್ಷ 1855ರಲ್ಲಿ ಪ್ಯಾರಿಸ್ಸಿನಲ್ಲಿ ಡಾಕ್ಟರೇಟ್ ಪಡೆದರು. ಎರಡು ಪ್ರಬಂಧ ಒಪ್ಪಿಸಬೇಕಿತ್ತು. ಒಂದು ಆರ್ಕಿಡ್ ಜಾತಿಯ ಗಿಡದ ಗೆಡ್ಡೆಯ ಬಗ್ಗೆ. ಇನ್ನೊಂದು ಚೇರಟೆ, ಝರಿಗಳ ಸಂತಾನೋತ್ಪತ್ತಿ ಅಂಗಗಳು ಮತ್ತು ಬೆಳವಣಿಗೆಯ ಬಗ್ಗೆ. ಆಗ ವಯಸ್ಸು 31.

ಪ್ರಯೋಗಾಲಯ ಇಲ್ಲದವನು ಚೇರಟೆಯನ್ನೇ ಏಕೆ ಹಿಡಿದರು? ಕಾರಣ ನಾನು ಊಹಿಸಬಲ್ಲೆ. ಅದಕ್ಕೆ ದುಡ್ಡು ಬೇಡ. ಕಲ್ಲು ಎತ್ತಿದರೆ ಸಿಗುತ್ತದೆ, ಕೊಳೆತ ಎಲೆ ತಿನ್ನುತ್ತದೆ, ಓಡುವುದಿಲ್ಲ, ಕಚ್ಚುವುದಿಲ್ಲ. ಸಂಜೆ ಮಕ್ಕಳ ಕಾಪಿ ತಿದ್ದಿದ ಮೇಲೆ ನೋಡಬಹುದು. ಬೇಕಾದದ್ದು ದೀಪ, ಮಸೂರ ಮತ್ತು ಎಣಿಸುವ ತಾಳ್ಮೆ.

ಅವರು ಕಂಡುಕೊಂಡದ್ದನ್ನು ನಾನು ನಮ್ಮ ಕರಿಹಲಗೆಯ ಮೇಲೆ ಗಣಿತದ ಅವಧಿಯಲ್ಲಿ ಬಿಡಿಸಿದೆ. ನೀವೂ ಮಾಡಿ ನೋಡಿ, ಮಕ್ಕಳಿಗೆ ಖುಷಿಯಾಗುತ್ತದೆ.

ಚೇರಟೆಯ ಮೈ ಉಂಗುರಗಳ ಸಾಲು. ಮೊದಲ ಉಂಗುರಕ್ಕೆ ಕಾಲಿಲ್ಲ. ಎರಡು, ಮೂರು, ನಾಲ್ಕನೆಯದಕ್ಕೆ ಒಂದೊಂದು ಜೊತೆ. ಐದರಿಂದ ಮುಂದೆ ಪ್ರತಿ ಉಂಗುರಕ್ಕೂ ಎರಡೆರಡು ಜೊತೆ. ಬಾಲದ ತುದಿಯ ಹಿಂದುಮುಂದೆ ಎಳೆಯ ಉಂಗುರಗಳಿರುತ್ತವೆ, ಅವಕ್ಕಿನ್ನೂ ಕಾಲು ಬಂದಿರುವುದಿಲ್ಲ. ಈಗ ಪಾಲಿಡೆಸ್ಮಸ್ ಎಂಬ ಚಪ್ಪಟೆ ಚೇರಟೆಯ ಒಂದು ಹೆಣ್ಣುಮರಿಯನ್ನು ತೆಗೆದುಕೊಳ್ಳಿ. ಬೆಳೆಯುತ್ತಾ ಒಂದು ಹಂತದಲ್ಲಿ ಅದಕ್ಕೆ ಬಾಲವೂ ಸೇರಿ 15 ಉಂಗುರ. ಐದರಿಂದ ಹನ್ನೊಂದರವರೆಗಿನ ಏಳು ಉಂಗುರಕ್ಕೆ ಎರಡೆರಡು, ಅಂದರೆ 14 ಜೊತೆ. ಮುಂದಿನ ಮೂರು ಸೇರಿದರೆ 17 ಜೊತೆ. ಹನ್ನೆರಡು, ಹದಿಮೂರು, ಹದಿನಾಲ್ಕು ಬರಿಮೈ. ಹದಿನೈದು ಬಾಲ.

ಫಾಬ್ರ್ ಹೇಳಿದ್ದು ಇಷ್ಟೇ: ಈಗ ಕಾಲಿಲ್ಲದೆ ಇರುವ ಉಂಗುರಗಳೆಷ್ಟೋ, ಮುಂದಿನ ಸಲ ಪೊರೆ ಕಳಚಿದಾಗ ಅಷ್ಟಕ್ಕೂ ಕಾಲು ಬರುತ್ತದೆ. ಜೊತೆಗೆ ಬಾಲದ ಮುಂದೆ ಹೊಸ ಬರಿ ಉಂಗುರಗಳು ಹುಟ್ಟುತ್ತವೆ.

ಲೆಕ್ಕ ಹಾಕಿ. ಬರಿ ಉಂಗುರ ಮೂರು, ಬರುವ ಕಾಲು ಆರು ಜೊತೆ. 17ಕ್ಕೆ 6 ಸೇರಿದರೆ 23. ಹೊಸ ಬರಿ ಉಂಗುರ ಎರಡು ಹುಟ್ಟಿದವು, ಒಟ್ಟು ಉಂಗುರ 17. ಮುಂದಿನ ಸಲ ನಾಲ್ಕು ಜೊತೆ ಸೇರಿ 27. ಹೊಸ ಉಂಗುರ ಒಂದು. ಆಮೇಲೆ 29. ಕೊನೆಗೆ 31 ಜೊತೆ, ಉಂಗುರ 20. ಅಲ್ಲಿಗೆ ಅದು ಪ್ರಾಯಕ್ಕೆ ಬಂತು, ಮತ್ತೆ ಪೊರೆ ಬಿಡುವುದಿಲ್ಲ. ಗಂಡಿಗೆ 30 ಜೊತೆ ಮಾತ್ರ, ಏಕೆಂದರೆ ಏಳನೇ ಉಂಗುರದ ಒಂದು ಜೊತೆ ಕಾಲು ನಡೆಯುವ ಕೆಲಸ ಬಿಟ್ಟು ಸಂತಾನದ ಕೆಲಸಕ್ಕೆ ಮಾರ್ಪಾಡಾಗಿರುತ್ತದೆ. (ಐದನೇ ತರಗತಿಗೆ ಇದನ್ನು ಹೇಳಲು ನಾನು ಸ್ವಲ್ಪ ತಡವರಿಸಿದೆ. ಅದರ ಬಗ್ಗೆ ಕೆಳಗೆ ಬರೆಯುತ್ತೇನೆ.) ಬೇರೆ ಕೆಲವು ಜಾತಿಗಳು ಹೀಗೆ ನಿಲ್ಲದೆ ಬದುಕಿರುವವರೆಗೂ ಪೊರೆ ಕಳಚುತ್ತಾ ಉಂಗುರ ಸೇರಿಸುತ್ತಾ ಹೋಗುತ್ತವೆ. ಚೇರಟೆಯ ಬೆಳವಣಿಗೆಯ ಬಗ್ಗೆ ಬರೆಯುವ ವಿಜ್ಞಾನಿಗಳು ಇಂದಿಗೂ ಇದನ್ನು "ಫಾಬ್ರ್ ನಿಯಮ" ಎಂದೇ ಕರೆಯುತ್ತಾರೆ. 1855ರಲ್ಲಿ ಒಬ್ಬ ಮಾಷ್ಟ್ರು ಮಾಡಿದ ಎಣಿಕೆ!

ಇಷ್ಟು ಕಂಡುಹಿಡಿದವರಿಗೆ ವಿಶ್ವವಿದ್ಯಾಲಯದಲ್ಲಿ ಕುರ್ಚಿ ಸಿಕ್ಕಿರಬೇಕು ಅಂದುಕೊಂಡಿರಾ? ಇಲ್ಲ. ಅವಿನ್ಯೋನಿನ ಶಾಲೆಯಲ್ಲಿ ವರ್ಷಕ್ಕೆ 1,600 ಫ್ರಾಂಕಿನ ಸಂಬಳಕ್ಕೆ, ಬಡ್ತಿಯಿಲ್ಲದೆ ವರ್ಷಗಟ್ಟಲೆ ದುಡಿದರು. 1865ರಲ್ಲಿ ಲೂಯಿ ಪಾಶ್ಚರ್ ಅವರ ಮನೆಗೆ ಬಂದರು. ರೇಷ್ಮೆಹುಳುವಿನ ರೋಗಕ್ಕೆ ಪರಿಹಾರ ಹುಡುಕಲು ಸರಕಾರ ಕಳಿಸಿದ್ದ ದೊಡ್ಡ ವಿಜ್ಞಾನಿ, ಆದರೆ ರೇಷ್ಮೆಗೂಡನ್ನು ಆವರೆಗೆ ಮುಟ್ಟಿದವರಲ್ಲ. ಕಿವಿಯ ಹತ್ತಿರ ಅಲ್ಲಾಡಿಸಿ "ಒಳಗೆ ಏನೋ ಇದೆಯಲ್ಲ?" ಎಂದು ಕೇಳಿದರಂತೆ. ಒಳಗೆ ಕೋಶ ಇರುತ್ತದೆ ಎಂದು ಹೇಳಿಕೊಟ್ಟವರು ಫಾಬ್ರ್. ಅದೇ ಪಾಶ್ಚರ್ ಮುಂದೆ ಆ ರೋಗವನ್ನು ಗೆದ್ದರು ಎಂಬುದನ್ನೂ ಹೇಳಬೇಕು. ಗೊತ್ತಿಲ್ಲದ್ದನ್ನು ನಾಚಿಕೆಯಿಲ್ಲದೆ ಕೇಳಿದವರು.

ಫಾಬ್ರ್ ಮಾಷ್ಟ್ರ ಕೆಲಸಕ್ಕೆ ಕುತ್ತು ಬಂದದ್ದು ಪಾಠದಿಂದಲೇ. ಊರಿನಲ್ಲಿ ಎಲ್ಲರಿಗೂ ತೆರೆದ ಉಚಿತ ತರಗತಿಗಳನ್ನು ನಡೆಸುತ್ತಿದ್ದರು, ಹೆಣ್ಣುಮಕ್ಕಳೂ ಬರುತ್ತಿದ್ದರು. ಹೂವಿನಲ್ಲಿ ಪರಾಗಸ್ಪರ್ಶ ಹೇಗಾಗುತ್ತದೆ ಎಂದು ಅವರಿಗೂ ವಿವರಿಸಿದರು. ಹುಡುಗಿಯರ ಎದುರು ಇಂಥ ಮಾತೇ ಎಂದು ಊರಿನ ಮಡಿವಂತರು ಎದ್ದರು. 1870ರಲ್ಲಿ ಕೆಲಸ ಬಿಡಬೇಕಾಯಿತು. ಬಾಡಿಗೆ ಮನೆಯ ಒಡತಿಯರಾದ ಇಬ್ಬರು ವೃದ್ಧೆಯರು ಮನೆಯನ್ನೂ ಬಿಡಿಸಿದರು. ಮಕ್ಕಳೊಂದಿಗೆ ಬೀದಿಗೆ ಬಿದ್ದಾಗ ಕೈಹಿಡಿದದ್ದು ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್. ಪತ್ನಿಯ ಸಮಾಧಿ ಇರುವ ಊರೆಂದು ಮಿಲ್ ಅವಿನ್ಯೋನಿನಲ್ಲಿ ಮನೆ ಮಾಡಿದ್ದರು, ಫಾಬ್ರ್ ಜೊತೆ ಗಿಡ ಹುಡುಕಿಕೊಂಡು ತಿರುಗುತ್ತಿದ್ದರು. ಪತ್ರವಿಲ್ಲ, ಸಾಕ್ಷಿಯಿಲ್ಲ, 3,000 ಫ್ರಾಂಕ್ ಸಾಲ ಕೊಟ್ಟರು. ಫಾಬ್ರ್ ಆ ಸಾಲ ತೀರಿಸಿದರು.

ತೀರಿಸಿದ್ದು ಶಾಲಾ ಪುಸ್ತಕ ಬರೆದು. ಸಂಬಳವಿಲ್ಲದ ಮಾಷ್ಟ್ರು ಮಕ್ಕಳಿಗಾಗಿ ಸರಳ ಭಾಷೆಯಲ್ಲಿ ಒಂದರ ಮೇಲೊಂದು ಪುಸ್ತಕ ಬರೆದು ಜೀವನ ಸಾಗಿಸಿದರು. 1879ರಲ್ಲಿ ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ಕಲ್ಲು ಮುಳ್ಳಿನ ಒಂದು ತುಂಡು ಜಾಗ ಕೊಂಡು ಹುಳುಗಳ ಮಧ್ಯೆ ನೆಲೆಸಿದರು. ಅಲ್ಲಿಂದಲೇ 1907ರವರೆಗೆ ಹತ್ತು ಸಂಪುಟಗಳು ಬಂದವು. 1915ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು.

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ಸಂಗತಿಯೂ ಇದೆ. ಫಾಬ್ರ್ ಮನೆಯಲ್ಲಿ ಕೇಳಿ ಬೆಳೆದ ಮಾತು ಫ್ರೆಂಚ್ ಅಲ್ಲ, ದಕ್ಷಿಣದ ಒಕ್ಸಿತಾನ್. ಶಾಲೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಪಾಠ ಹೇಳಿದ್ದೂ ಪುಸ್ತಕ ಬರೆದದ್ದೂ ಫ್ರೆಂಚಿನಲ್ಲಿ. ಆದರೆ ಕವಿತೆ ಬರೆಯುವಾಗ ಆ ದಕ್ಷಿಣದ ನುಡಿಯನ್ನೇ, ಅದರ ಪ್ರೊವಾನ್ಸ್ ಸೀಮೆಯ ರೂಪದಲ್ಲಿ ಹಿಡಿದರು. ಅದರ ಉಳಿವಿಗೆ ಕಟ್ಟಿದ ಫೆಲಿಬ್ರಿಜ್ ಎಂಬ ಬಳಗದಲ್ಲಿ ಅವರಿಗೆ ಹುಳುಗಳ ಕವಿ ಎಂಬರ್ಥದ ಹೆಸರಿತ್ತು. ಆ ಬಳಗದ ಹಿರಿಯ ಮಿಸ್ತ್ರಾಲ್ ಅವರಿಗೆ 1904ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಕೆಲವರು ವಿಜ್ಞಾನವೆಂದರೆ ಇಂಗ್ಲಿಷ್ ಮೀಡಿಯಮ್ಮೇ ಆಗಬೇಕು ಎನ್ನುವಾಗ ನಾನು ಇವರನ್ನು ನೆನೆಸಿಕೊಳ್ಳುತ್ತೇನೆ. ವಾದಕ್ಕಲ್ಲ, ಸುಮ್ಮನೆ.

ಫಾಬ್ರ್ ನಂತರವೂ ಸಾಕಿದವರಿದ್ದಾರೆ. ಕೇಂಬ್ರಿಜ್ಜಿನಲ್ಲಿ ಹೀತ್‌ಕೋಟ್ ಎಂಬವರು (ಮುಂದೆ ಸಿಂಕ್ಲೇರ್ ಎಂದು ಹೆಸರು ಬದಲಿಸಿಕೊಂಡರು) ಅಗಲವಾದ ಗಾಜಿನ ಪಾತ್ರೆಯಲ್ಲಿ ಮಣ್ಣು ಹಾಕಿ ಸಾಕಿದರು. ತಾಯಿ ಚೇರಟೆ ಮಣ್ಣನ್ನು ತನ್ನ ಜೊಲ್ಲಿನಲ್ಲಿ ಕಲಸಿ ಸಣ್ಣ ಕಾಯಿಯಷ್ಟು ದೊಡ್ಡ ಉರುಟು ಗೂಡು ಕಟ್ಟಿ, ಮೇಲಿನ ತೂತಿನಿಂದ 60ರಿಂದ 100 ಮೊಟ್ಟೆ ಇಟ್ಟು, ತೂತನ್ನು ಮಣ್ಣಿನಿಂದಲೇ ಮುಚ್ಚುವುದನ್ನು ಅವರು 1895ರ ಪುಸ್ತಕವೊಂದರಲ್ಲಿ ಬರೆದಿದ್ದಾರೆ. ಸುಮಾರು ಹನ್ನೆರಡು ದಿನಕ್ಕೆ ಒಡೆಯುತ್ತವೆ. ಈಗ ಯುರೋಪು, ಅಮೆರಿಕದಲ್ಲಿ ಆಫ್ರಿಕಾದ ಒಂದಡಿ ಉದ್ದದ ಚೇರಟೆಯನ್ನು ನಾಯಿ ಬೆಕ್ಕಿನಂತೆ ಮನೆಯಲ್ಲಿ ಸಾಕುವವರು ಬಹಳ. ಅದು ನಮಗೆ ಬೇಡ, ನಮ್ಮ ಅಂಗಳದ್ದೇ ಸಾಕು.

ಹಾಗೆ ಅಂಗಳದ್ದನ್ನೇ ಸಾಕಿದವರು ನಮ್ಮ ನೆರೆಯಲ್ಲೇ ಇದ್ದಾರೆ ಎಂದು ತಿಳಿದಾಗ ಇನ್ನಷ್ಟು ಸಂತೋಷವಾಯಿತು. ಮುಟ್ಟಿದರೆ ಗೋಲಿಯಂತೆ ಉರುಟಾಗುವ ದಪ್ಪ ಚೇರಟೆಯನ್ನು ನೀವು ಅಡಿಕೆ ತೋಟದಲ್ಲಿ ನೋಡಿರುತ್ತೀರಿ. ವಿಜ್ಞಾನದಲ್ಲಿ ಅದರ ಕುಲಕ್ಕೆ ಆರ್ತ್ರೋಸ್ಫೇರಾ ಎಂದು ಹೆಸರು. ಅದರ ಹತ್ತಿರದ ಸಂಬಂಧಿಗಳಿರುವುದು ದೂರದ ಮಡಗಾಸ್ಕರಿನಲ್ಲಿ. ಎರಡೂ ನೆಲ ಒಂದಾಗಿದ್ದ ಕಾಲದ ನೆಂಟಸ್ತಿಕೆ ಅದು. ಮಂಗಳೂರು ವಿಶ್ವವಿದ್ಯಾಲಯದ ಜೀವವಿಜ್ಞಾನದವರು ನಮ್ಮ ಗಡಿಗೆ ತಾಗಿದ ಅಡ್ಯನಡ್ಕದ ತೋಟಗಳಲ್ಲಿ ಇದನ್ನು ಅಧ್ಯಯನ ಮಾಡಿ, ತೋಟದ ಕಸವನ್ನು ತಿನ್ನಲು ಕೊಟ್ಟು ಗೊಬ್ಬರ ಮಾಡಿಸಿ ಪರೀಕ್ಷಿಸಿದರು. 2006ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅದರ ವರದಿ ಬಂತು. ಬ್ರೆಜಿಲ್ಲಿನ ಸರಕಾರಿ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ ಕೂಡ ಚೇರಟೆ ಗೊಬ್ಬರವನ್ನು ಸಸಿ ಬೆಳೆಸಲು ಬಳಸುತ್ತಿದೆ. ಅಲ್ಲಿ ಅವರು ಸಾಕುವ ಒಂದು ಜಾತಿ ನಮ್ಮ ಶಾಲೆಯ ಗೋಡೆ ಹತ್ತುವ ಅದೇ ತುಕ್ಕುಗೆಂಪು ಚೇರಟೆ, ಮೂಲತಃ ಏಷ್ಯಾದಿಂದ ಹೋದದ್ದು. ನಾವು ಪೊರಕೆಯಿಂದ ಗುಡಿಸಿ ಎಸೆಯುತ್ತೇವೆ, ಅವರು ಕೆಲಸಕ್ಕೆ ಇಟ್ಟುಕೊಂಡಿದ್ದಾರೆ.

ಇಷ್ಟೆಲ್ಲ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಮುಂದಿನ ಮಳೆಗಾಲಕ್ಕೆ ಶಾಲೆಯಲ್ಲಿ ಹಳೆಯ ಪ್ಲಾಸ್ಟಿಕ್ ಟಬ್ ಒಂದನ್ನು ಇಟ್ಟೆವು. ಅರ್ಧ ಅಡಿ ಮಣ್ಣು, ಮೇಲೆ ಒಣಗಿ ಕೊಳೆತ ಹಲಸಿನೆಲೆ, ಮೆತ್ತಗಾಗಿ ಬಿಳಿಚಿದ ಮರದ ತುಂಡು, ಸುಣ್ಣದ ಅಂಶಕ್ಕೆ ಪುಡಿ ಮಾಡಿದ ಮೊಟ್ಟೆಯ ಚಿಪ್ಪು. ಬಾಯಿಗೆ ಹಳೆಯ ಸೊಳ್ಳೆಪರದೆಯ ಬಟ್ಟೆ, ಮುಚ್ಚಳ ಇಲ್ಲ! ನೀರು ಚಿಮುಕಿಸಬೇಕು, ಕೆಸರಾಗಬಾರದು. ಬಿಸಿಲು ತಾಗಬಾರದು. ಮುಟ್ಟಿದರೆ ಕೈ ತೊಳೆಯಬೇಕು, ಕಣ್ಣುಜ್ಜಬಾರದು. ಆರು ಚೇರಟೆ ಬಿಟ್ಟೆವು. ಸರದಿಯಲ್ಲಿ ಮಕ್ಕಳು ನೋಡಿಕೊಂಡರು.

ಜುಲೈ ಕೊನೆಗೆ ಎರಡು ಕಾಣೆಯಾದವು. ಸತ್ತು ಕೊಳೆತರೆ ಉಳಿದವಕ್ಕೂ ರೋಗ ಹಿಡಿಯುತ್ತದೆಂದು ನಾನು ಮಣ್ಣು ಕೆದಕಿದೆ. ಒಳಗೆ ಮಣ್ಣಿನ ಸಣ್ಣ ಗುಳಿಯೊಂದರಲ್ಲಿ ಒಂದು ಸುರುಳಿ ಸುತ್ತಿ ಮಲಗಿತ್ತು. ಬಣ್ಣ ಬಿಳಿಚಿ, ಮೈ ಮೆತ್ತಗಾಗಿ, ಮುಟ್ಟಿದರೂ ಅಲುಗಲಿಲ್ಲ. "ಸತ್ತಿದೆ, ತೆಗೆದು ಹೊರಗೆ ಹಾಕು" ಎಂದು ಅದೇ ಹುಡುಗಿಗೆ ಹೇಳಿದೆ. ಈಗ ಆರನೇ ತರಗತಿಗೆ ಬಂದಿದ್ದಳು. ಅವಳು ಕೈಯಲ್ಲಿ ಹಿಡಿದು ನಿಂತಳು. "ಸರ್, ವಾಸನೆ ಇಲ್ಲ" ಎಂದಳು. ಬೆಲ್ ಆಗಿತ್ತು, ನನಗೆ ಅವಸರ. ಹಾಕು ಎಂದೆ. ಹಾಕಿದಳು. ಮಧ್ಯಾಹ್ನ ಹೋಗಿ ನೋಡಿದಾಗ ಇರುವೆ ಮುತ್ತಿತ್ತಂತೆ, ಮತ್ತು ಕಾಲು ಆಡುತ್ತಿತ್ತಂತೆ.

ಅದು ಪೊರೆ ಬಿಡಲು ಮಲಗಿದ್ದು. ಹೊಸ ಕಾಲು ಬರುವ ಹೊತ್ತು. ಚೇರಟೆ ಆಗ ಮಣ್ಣಿನೊಳಗೆ ಕೋಣೆ ಮಾಡಿಕೊಂಡು ದಿನಗಟ್ಟಲೆ, ಕೆಲವು ವಾರಗಟ್ಟಲೆ ಅಡಗಿರುತ್ತದೆ. ಮೈ ಗಟ್ಟಿಯಾಗುವವರೆಗೆ ಅದನ್ನು ಯಾರೂ ಮುಟ್ಟಬಾರದು. ಕಳಚಿದ ಪೊರೆಯನ್ನೂ ತಾನೇ ತಿಂದುಬಿಡುತ್ತದೆ. ಫಾಬ್ರ್ ನಿಯಮವನ್ನು ಕರಿಹಲಗೆಯಲ್ಲಿ ಬರೆದಿದ್ದ ನನಗೆ, ನಿಯಮ ನಡೆಯುವುದು ಕಣ್ಣ ಮುಂದೆ ಬಂದಾಗ ಗುರುತು ಸಿಗಲಿಲ್ಲ.

ಮರುದಿನ ತರಗತಿಯಲ್ಲಿ ತಪ್ಪು ನನ್ನದೆಂದು ಹೇಳಿದೆ. ಗಂಡು ಚೇರಟೆಯ ಏಳನೇ ಉಂಗುರದ ಬಗ್ಗೆಯೂ ಅದೇ ದಿನ ಹೇಳಿದೆ, ಹೂವಿನ ಪರಾಗದ ಪಾಠದಂತೆ ನೇರವಾಗಿ. ಯಾರೂ ನಗಲಿಲ್ಲ. ಒಬ್ಬ ಹುಡುಗ ಮಾತ್ರ "ಹಾಗಾದರೆ ಸಾವಿರ ಕಾಲಿನದ್ದು ಎಲ್ಲಿಯೂ ಇಲ್ಲವಾ ಸರ್?" ಎಂದು ಕೇಳಿದ. ಇದೆ. ಆಸ್ಟ್ರೇಲಿಯದ ಗಣಿ ಪ್ರದೇಶದಲ್ಲಿ ನೆಲದಡಿ 60 ಮೀಟರಿನಲ್ಲಿ ಸಿಕ್ಕ ಯೂಮಿಲಿಪಿಸ್ ಪರ್ಸೆಫನಿ ಎಂಬ ಜಾತಿಯ ಒಂದು ಹೆಣ್ಣಿಗೆ 1,306 ಕಾಲು ಎಂದು 2021ರಲ್ಲಿ ಪ್ರಕಟವಾಯಿತು. ಉದ್ದ ಹತ್ತು ಸೆಂಟಿಮೀಟರೂ ಇಲ್ಲ, ಕಣ್ಣೂ ಇಲ್ಲ. ಅಲ್ಲಿಯವರೆಗಿನ ದಾಖಲೆ 750. ಸಹಸ್ರಪದಿ ಎಂಬ ಹೆಸರು ಆ ವರ್ಷ ಮೊದಲ ಸಲ ನಿಜವಾಯಿತು.

ಆಗಸ್ಟಿನಲ್ಲಿ ಟಬ್ಬಿನ ಎಲೆಯಡಿ ನೂಲಿನ ತುಂಡಿನಂಥ ಬಿಳಿ ಮರಿಗಳು ಕಂಡವು. ಮಸೂರ ಹಿಡಿದು ಎಣಿಸಿದೆವು. ಮೂರು ಜೊತೆಯದ್ದು ಒಂದೂ ಇಲ್ಲ, ಎಲ್ಲವೂ ಆ ಹಂತ ದಾಟಿದವು. ಡಿ ಗೀರ್ ನೋಡಿದ್ದನ್ನು ನೋಡಲು ನಮಗೆ ಕೆಲವು ದಿನ ತಡವಾಗಿತ್ತು. ಹುಡುಗಿ ತನ್ನ ನೋಟ್ ಪುಸ್ತಕದಲ್ಲಿ ಮರಿಯ ಚಿತ್ರ ಬರೆದು, ಬಾಲದ ಹತ್ತಿರದ ಬರಿ ಉಂಗುರಗಳನ್ನು ಪೆನ್ಸಿಲಿನಿಂದ ಗುರುತು ಹಾಕಿಟ್ಟಳು.

ಅವಳೀಗ ನಮ್ಮ ಶಾಲೆ ಬಿಟ್ಟು ಹೈಸ್ಕೂಲಿನಲ್ಲಿದ್ದಾಳೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವಳು ಮೊದಲು ಕೇಳಿದ್ದು, "ಮೂರು ಜೊತೆಯದ್ದು ಸಿಕ್ಕಿತಾ ಸರ್?" ಎಂದು. ಇನ್ನೂ ಇಲ್ಲ ಎಂದೆ. ಟಬ್ಬಿನ ಮಣ್ಣು ಬದಲಾಯಿಸಿಟ್ಟಿದ್ದೇವೆ. ಈ ಸಲ ಅದರ ಒಂದು ಬದಿಗೆ ಗಾಜಿನ ತುಂಡು ಕೂರಿಸಿದ್ದೇವೆ, ಕೆದಕದೆ ನೋಡಲಿಕ್ಕೆ.